ಕ್ಯಾಮೆರಾ ಸೆನ್ಸರ್ ಅಳತೆ, ಲೆನ್ಸ್ ಹೊಂದಾಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೆನ್ಸ್ ಬದಲಾಯಿಸುವಂಥ ಕ್ಯಾಮೆರಾ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಈ ಲೆನ್ಸ್ ನನ್ನ ಕ್ಯಾಮೆರಾಗೆ ಆಗುತ್ತಾ?" ಕೇಳೋಕೆ ಒಂದು ಪ್ರಶ್ನೆ. ಆದರೆ ಅದರ ಹೊಟ್ಟೆಯಲ್ಲಿ ಎರಡು ಪ್ರಶ್ನೆಗಳಿವೆ. ಲೆನ್ಸಿನ ಬುಡ ಕ್ಯಾಮೆರಾದ ಬಾಯಿಗೆ ಕೂರುತ್ತಾ? ಕೂತ ಮೇಲೆ, ಲೆನ್ಸ್ ಬೀಳಿಸುವ ಬೆಳಕು ಒಳಗಿನ ಸೆನ್ಸರನ್ನು ಪೂರ್ತಿ ತುಂಬುತ್ತಾ? ಇವೆರಡನ್ನೂ ಕಲಸಿಕೊಂಡರೆ ಮುಂದಿನದ್ದೆಲ್ಲ ಗೊಂದಲ. ಬಿಡಿಸಿ ನೋಡಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಸೆನ್ಸರ್ ಅಂದರೆ ಏನು? ಅದರ ಅಳತೆಗೆ ಯಾಕಿಷ್ಟು ಬೆಲೆ?

ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಕೂತಿರುವ ಬಿಲ್ಲೆಯೇ ಸೆನ್ಸರ್. ಲೆನ್ಸ್ ಮೂಲಕ ಬಂದ ಬೆಳಕು ಇದರ ಮೇಲೆ ಬಿದ್ದು ಚಿತ್ರವಾಗುತ್ತದೆ. ಇಲ್ಲಿ ಅಳತೆ ಅಂದರೆ ಮೆಗಾಪಿಕ್ಸೆಲ್ ಅಲ್ಲ. ಸ್ಕೇಲ್ ಇಟ್ಟು ಅಳೆಯುವ ಉದ್ದ, ಅಗಲ. 24 ಮೆಗಾಪಿಕ್ಸೆಲ್ ದೊಡ್ಡ ಸೆನ್ಸರಿನಲ್ಲೂ ಇರಬಹುದು, ಚಿಕ್ಕದರಲ್ಲೂ ಇರಬಹುದು. ಒಂದೇ ಸಂಖ್ಯೆಯ ಮಡಿಗಳನ್ನು ದೊಡ್ಡ ಹೊಲದಲ್ಲೂ ಮಾಡಬಹುದು, ಹಿತ್ತಲಲ್ಲೂ ಮಾಡಬಹುದು, ಅಲ್ವಾ? ಮಳೆ ಒಂದೇ ಸಮ ಸುರಿದರೂ ದೊಡ್ಡ ಹೊಲಕ್ಕೆ ಬೀಳುವ ಒಟ್ಟು ನೀರು ಜಾಸ್ತಿ. ಬೆಳಕಿನ ಲೆಕ್ಕವೂ ಹಾಗೆಯೇ.

ಯಾವ ಯಾವ ಅಳತೆಯ ಸೆನ್ಸರ್‌ಗಳಿವೆ?

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವುದು ಇವು.

ಮೀಡಿಯಂ ಫಾರ್ಮ್ಯಾಟ್: ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್, ಹ್ಯಾಸೆಲ್‌ಬ್ಲಾಡ್ ಎಕ್ಸ್ ಕ್ಯಾಮೆರಾಗಳಲ್ಲಿ ಸುಮಾರು 44×33 ಮಿ.ಮೀ.
ಫುಲ್ ಫ್ರೇಮ್: 36×24 ಮಿ.ಮೀ. ಮೂಲೆಯಿಂದ ಮೂಲೆಗೆ 43.3 ಮಿ.ಮೀ.
ಎಪಿಎಸ್-ಸಿ: ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳಲ್ಲಿ ಸುಮಾರು 23.5×15.6 ಮಿ.ಮೀ. ಕ್ಯಾನನ್‌ನದು ಕೊಂಚ ಚಿಕ್ಕದು, ಸುಮಾರು 22.3×14.9 ಮಿ.ಮೀ.
ಮೈಕ್ರೋ ಫೋರ್ ಥರ್ಡ್ಸ್: 17.3×13 ಮಿ.ಮೀ. ಇದು ಒಲಿಂಪಸ್ ಮತ್ತು ಪ್ಯಾನಸೋನಿಕ್ 2008ರಲ್ಲಿ ತಂದ ವ್ಯವಸ್ಥೆ.
1 ಇಂಚು: 13.2×8.8 ಮಿ.ಮೀ.
ಚಿಕ್ಕ ಕಾಂಪ್ಯಾಕ್ಟ್ ಕ್ಯಾಮೆರಾಗಳ 1/2.3 ಇಂಚು: ಸುಮಾರು 6.2×4.6 ಮಿ.ಮೀ. ಕಿರುಬೆರಳ ಉಗುರಿಗಿಂತ ಚಿಕ್ಕದು.

ಕಾಗದದ ಮೇಲೆ ಅಂಕಿ ನೋಡಿದರೆ 36ಕ್ಕೂ 23.5ಕ್ಕೂ ಅಂಥ ವ್ಯತ್ಯಾಸ ಅನ್ನಿಸುವುದಿಲ್ಲ. ಕ್ಷೇತ್ರಫಲ ಹಾಕಿ ನೋಡಿ. ಫುಲ್ ಫ್ರೇಮ್ 864 ಚದರ ಮಿ.ಮೀ., ಎಪಿಎಸ್-ಸಿ ಸುಮಾರು 367, ಮೈಕ್ರೋ ಫೋರ್ ಥರ್ಡ್ಸ್ ಸುಮಾರು 225, ಕೊನೆಯ ಆ ಪುಟಾಣಿ ಸೆನ್ಸರ್ ಬರೀ 28. ಅಂದರೆ ಅಂಥ ಮೂವತ್ತು ಸೆನ್ಸರ್‌ಗಳ ಕ್ಷೇತ್ರಫಲ ಕೂಡಿಸಿದರೂ ಒಂದು ಫುಲ್ ಫ್ರೇಮಿನಷ್ಟಾಗುವುದಿಲ್ಲ.

36×24 ಅನ್ನುವ ಅಳತೆ ಎಲ್ಲಿಂದ ಬಂತು?

ಸಿನಿಮಾ ಫಿಲ್ಮಿನಿಂದ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಓಸ್ಕರ್ ಬರ್ನಾಕ್ 35 ಮಿ.ಮೀ. ಅಗಲದ ಸಿನಿಮಾ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸುವ ಪುಟ್ಟ ಕ್ಯಾಮೆರಾ ಮಾಡಿದರು. ಸಿನಿಮಾದಲ್ಲಿ ಒಂದು ಚೌಕಟ್ಟು 24×18 ಮಿ.ಮೀ. ಇರುತ್ತಿತ್ತು. ಬರ್ನಾಕ್ ಫಿಲ್ಮನ್ನು ಅಡ್ಡಡ್ಡಲಾಗಿ ಓಡಿಸಿ ಎರಡು ಚೌಕಟ್ಟುಗಳ ಜಾಗವನ್ನು ಒಂದು ಮಾಡಿದರು. 36×24 ಆಯಿತು. 1925ರಲ್ಲಿ ಈ ಕ್ಯಾಮೆರಾ ಲೈಕಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿಗೂ ಅದೇ ಅಳತೆ ನಮ್ಮ ಅಳತೆಗೋಲು. 35 ಮಿ.ಮೀ. ಅನ್ನುವುದು ಎರಡೂ ಅಂಚಿನ ತೂತುಗಳೂ ಸೇರಿ ಫಿಲ್ಮಿನ ಅಗಲ, ಚಿತ್ರದ ಅಳತೆಯಲ್ಲ.

ಎಪಿಎಸ್-ಸಿ ಹೆಸರೂ ಫಿಲ್ಮಿನದೇ. 1996ರಲ್ಲಿ ಅಡ್ವಾನ್ಸ್‌ಡ್ ಫೋಟೋ ಸಿಸ್ಟಮ್ ಅನ್ನುವ ಹೊಸ ಬಗೆಯ ಫಿಲ್ಮ್ ಬಂದಿತ್ತು. ಅದರಲ್ಲಿ ಸಿ ಅನ್ನುವ ಚೌಕಟ್ಟು 25.1×16.7 ಮಿ.ಮೀ. ಆ ಫಿಲ್ಮ್ ಹೋಯಿತು, ಹೆಸರು ಉಳಿಯಿತು.

1 ಇಂಚಿನ ಸೆನ್ಸರ್ ನಿಜವಾಗಿಯೂ 1 ಇಂಚು ಇದೆಯಾ?

ಇಲ್ಲ. 1 ಇಂಚು ಅಂದರೆ 25.4 ಮಿ.ಮೀ. ಈ ಸೆನ್ಸರಿನ ಕರ್ಣ ಅಳೆದರೂ 16 ಮಿ.ಮೀ. ದಾಟುವುದಿಲ್ಲ. ಹಳೆಯ ಟಿವಿ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯಲು ಗಾಜಿನ ಕೊಳವೆ ಇರುತ್ತಿತ್ತು. ಕೊಳವೆಯ ಹೊರಗಿನ ಅಗಲವನ್ನೇ ಅದರ ಅಳತೆ ಅಂತ ಕರೆಯುತ್ತಿದ್ದರು. ಚಿತ್ರ ಮೂಡುತ್ತಿದ್ದ ಜಾಗ ಅದರ ಮೂರರಲ್ಲಿ ಎರಡು ಪಾಲು ಮಾತ್ರ. ಕೊಳವೆಗಳ ಕಾಲ ಮುಗಿದರೂ ಲೆಕ್ಕ ಹಾಗೇ ಮುಂದುವರಿಯಿತು. ಫೋರ್ ಥರ್ಡ್ಸ್, ಅಂದರೆ 4/3 ಇಂಚು, ಅನ್ನುವ ಹೆಸರಿನ ಗುಟ್ಟೂ ಇದೇ. ಅದರ ಕರ್ಣ 21.6 ಮಿ.ಮೀ. ನನ್ನ ಸಲಹೆ ಇಷ್ಟೇ: ಇಂಚಿನ ಮಾತು ಬಂದಾಗ ಅದನ್ನು ಪಕ್ಕಕ್ಕಿಟ್ಟು ಮಿ.ಮೀ. ಎಷ್ಟು ಅಂತ ಕೇಳಿ.

ಕ್ರಾಪ್ ಫ್ಯಾಕ್ಟರ್ ಅಂದರೇನು?

ಫುಲ್ ಫ್ರೇಮಿನ ಕರ್ಣವನ್ನು ನಿಮ್ಮ ಸೆನ್ಸರಿನ ಕರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಎಪಿಎಸ್-ಸಿಗೆ 1.5. ಕ್ಯಾನನ್ ಎಪಿಎಸ್-ಸಿಗೆ 1.6. ಮೈಕ್ರೋ ಫೋರ್ ಥರ್ಡ್ಸ್‌ಗೆ 2. 1 ಇಂಚಿಗೆ 2.7. ಮೀಡಿಯಂ ಫಾರ್ಮ್ಯಾಟ್ ಫುಲ್ ಫ್ರೇಮಿಗಿಂತ ದೊಡ್ಡದಾದ್ದರಿಂದ 0.79.

ಈ ಪದ ಹುಟ್ಟಿದ್ದು ಡಿಜಿಟಲ್ ಕಾಲದ ಆರಂಭದಲ್ಲಿ. 1999ರ ನಿಕಾನ್ ಡಿ1 ನೋಡಿ. ಅದರ ಬಾಯಿ 1959ರಿಂದ ಬಂದ ಫಿಲ್ಮ್ ಕ್ಯಾಮೆರಾದ್ದೇ, ಹಳೇ ಲೆನ್ಸ್‌ಗಳಲ್ಲಿ ಹೆಚ್ಚಿನವು ಕೂರುತ್ತಿದ್ದವು. ಒಳಗಿನ ಸೆನ್ಸರ್ ಮಾತ್ರ ಚಿಕ್ಕದು. ದೊಡ್ಡ ಸೆನ್ಸರ್ ಮಾಡುವುದು ಆಗ ತೀರಾ ದುಬಾರಿ. ಒಂದು ಸಿಲಿಕಾನ್ ತಟ್ಟೆಯಿಂದ ಕೆಲವೇ ದೊಡ್ಡ ಬಿಲ್ಲೆಗಳು ಸಿಗುತ್ತವೆ, ಒಂದು ದೋಷವಿದ್ದರೂ ಇಡೀ ಬಿಲ್ಲೆ ವ್ಯರ್ಥ. ಫಿಲ್ಮಿನಲ್ಲಿ ವರ್ಷಾನುಗಟ್ಟಲೆ ಪಳಗಿದವರಿಗೆ ತಮ್ಮದೇ ಲೆನ್ಸ್ ಇದ್ದಕ್ಕಿದ್ದಂತೆ ಇಕ್ಕಟ್ಟಾಗಿ ಕಾಣಿಸಿತು. ಎಷ್ಟು ಇಕ್ಕಟ್ಟು ಅಂತ ಹೇಳೋಕೆ ಒಂದು ಸಂಖ್ಯೆ ಬೇಕಾಯಿತು. ಕ್ಯಾನನ್ 2002ರಲ್ಲಿ 1ಡಿಎಸ್ ಅನ್ನುವ ಫುಲ್ ಫ್ರೇಮ್ ಕ್ಯಾಮೆರಾ ತಂದಿತು. ನಿಕಾನ್‌ನ ಮೊದಲ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾ ಡಿ3 ಬಂದದ್ದು 2007ರಲ್ಲಿ.

ಹಾಗಾದರೆ ನನ್ನ 50 ಮಿ.ಮೀ. ಲೆನ್ಸ್ ಎಪಿಎಸ್-ಸಿ ಕ್ಯಾಮೆರಾದಲ್ಲಿ 75 ಮಿ.ಮೀ. ಆಗಿಬಿಡುತ್ತಾ?

ಆಗುವುದಿಲ್ಲ. 50 ಮಿ.ಮೀ. ಅನ್ನುವುದು ಲೆನ್ಸಿನ ಫೋಕಲ್ ಲೆಂಗ್ತ್; ಅದು ಹೆಚ್ಚಿದಷ್ಟೂ ನೋಟ ಕಿರಿದು, ವಸ್ತು ದೊಡ್ಡದು. ಲೆನ್ಸಿಗೆ ತನ್ನ ಹಿಂದೆ ಯಾವ ಸೆನ್ಸರ್ ಇದೆ ಅಂತ ಗೊತ್ತೇ ಇರುವುದಿಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಲ ಮಾಡಿ ನೋಡುವುದು ಮೇಲು.

ಫುಲ್ ಫ್ರೇಮಿಗೆ ಮಾಡಿದ 50 ಮಿ.ಮೀ. ಲೆನ್ಸ್ ತೆಗೆದುಕೊಳ್ಳಿ. ಹಳೆಯ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್ ಆದರೆ ಒಳ್ಳೆಯದು, ಬೆಳಕು ಒಳಬರುವ ಕಿಂಡಿಯಾದ ಅಪರ್ಚರನ್ನು ರಿಂಗ್ ತಿರುಗಿಸಿ ಪೂರ್ತಿ ತೆರೆದಿಡಬಹುದು. ಫೋಕಸನ್ನು ಅನಂತದ ಗುರುತಿಗೆ ತಿರುಗಿಸಿ. ಹಗಲು ಹೊತ್ತು, ಕೋಣೆಯ ದೀಪ ಆರಿಸಿ, ಲೆನ್ಸಿನ ಮುಂಭಾಗವನ್ನು ಕಿಟಕಿಯಾಚೆಯ ಮರದ ಕಡೆ ಹಿಡಿಯಿರಿ. ಲೆನ್ಸಿನ ಬುಡದಿಂದ ನಾಲ್ಕೂವರೆ ಸೆಂಟಿಮೀಟರ್ ಹಿಂದೆ ಒಂದು ಬಿಳಿ ಕಾಗದ ಇಡಿ. ಕಾಗದವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಒಂದು ಜಾಗದಲ್ಲಿ ಮರ ತಟ್ಟನೆ ಮೂಡುತ್ತದೆ. ತಲೆಕೆಳಗಾಗಿ, ಬಣ್ಣದಲ್ಲಿ, ಎಲೆ ಅಲ್ಲಾಡುವುದೂ ಕಾಣುವಷ್ಟು ಸ್ಪಷ್ಟವಾಗಿ. ನಾನು ಇದನ್ನು ಮೊದಲ ಸಲ ನೋಡಿದ ದಿನ ಸುಮಾರು ಹೊತ್ತು ಆ ಕಾಗದವನ್ನು ಕೆಳಗಿಡಲಿಲ್ಲ.

ಈಗ ಗಮನಿಸಿ. ಚಿತ್ರ ದುಂಡಗಿದೆ. ನಡುವೆ ಪ್ರಕಾಶ, ಅಂಚಿಗೆ ಹೋದಂತೆ ಮಬ್ಬು, ಆಮೇಲೆ ಕತ್ತಲೆ. ಈ ಬೆಳಕಿನ ವೃತ್ತವೇ ಇಡೀ ವಿಷಯದ ಬೇರು. ಆ ಕಾಗದದ ಮೇಲೆ ಮೊದಲೇ ಪೆನ್ಸಿಲಿನಲ್ಲಿ 36×24 ಮಿ.ಮೀ. ಚೌಕಟ್ಟು ಬರೆದು, ಅದರೊಳಗೆ ನಡುಮಧ್ಯಕ್ಕೆ 24×16ರ ಇನ್ನೊಂದು ಚೌಕಟ್ಟು ಬರೆದಿಡಿ. ಮರದ ಚಿತ್ರದ ಎತ್ತರ 12 ಮಿ.ಮೀ. ಇದೆ ಅಂದುಕೊಳ್ಳೋಣ. ದೊಡ್ಡ ಚೌಕಟ್ಟಿನಲ್ಲಿ ಅದು ಅರ್ಧ ಎತ್ತರ ತುಂಬುತ್ತದೆ. ಚಿಕ್ಕದರಲ್ಲಿ ಮುಕ್ಕಾಲು ಭಾಗ ತುಂಬುತ್ತದೆ. ಮರ ಬೆಳೆಯಲಿಲ್ಲ, 12 ಮಿ.ಮೀ. ಹಾಗೇ ಇದೆ. ಸುತ್ತಲಿನದ್ದನ್ನು ಕತ್ತರಿಸಿದ್ದೀರಿ ಅಷ್ಟೇ. ಎರಡನ್ನೂ ಒಂದೇ ಅಳತೆಯ ಪರದೆ ಮೇಲೆ ಹಿಗ್ಗಿಸಿ ನೋಡುವಾಗ ಎರಡನೆಯದರಲ್ಲಿ ಮರ ಹತ್ತಿರ ಬಂದಂತೆ ಕಾಣುತ್ತದೆ.

ಹಾಗಾಗಿ ಸರಿಯಾದ ಮಾತು ಇದು: ಎಪಿಎಸ್-ಸಿ ಮೇಲಿನ 50 ಮಿ.ಮೀ. ಲೆನ್ಸ್, ಫುಲ್ ಫ್ರೇಮ್ ಮೇಲೆ 75 ಮಿ.ಮೀ. ಲೆನ್ಸ್ ಎಷ್ಟು ನೋಟ ಕೊಡುತ್ತದೋ ಅಷ್ಟು ನೋಟ ಕೊಡುತ್ತದೆ. ಲೆನ್ಸ್ ಮಾತ್ರ 50 ಮಿ.ಮೀ. ಆಗೇ ಇರುತ್ತದೆ.

ಎಪಿಎಸ್-ಸಿಗೆ ಅಂತಲೇ ಮಾಡಿದ ಲೆನ್ಸಿನ ಮೇಲೆ 18–55 ಅಂತ ಬರೆದಿದೆ. ಇದನ್ನೂ ಗುಣಿಸಬೇಕಾ?

ಗುಣಿಸಬೇಕು. ಈ ತಪ್ಪು ತುಂಬಾ ಜನ ಮಾಡುತ್ತಾರೆ. ಲೆನ್ಸ್ ಮೇಲೆ ಬರೆಯುವುದು ಯಾವಾಗಲೂ ನಿಜವಾದ ಫೋಕಲ್ ಲೆಂಗ್ತ್. ಅದು ಯಾವ ಸೆನ್ಸರಿಗೆ ಮಾಡಿದ್ದಾದರೂ ಸರಿ. 18–55 ಲೆನ್ಸ್ 1.5 ಕ್ರಾಪ್ ಕ್ಯಾಮೆರಾದಲ್ಲಿ ಫುಲ್ ಫ್ರೇಮಿನ 27–82ರಷ್ಟು ನೋಟ ಕೊಡುತ್ತದೆ. ಫೋನ್‌ಗಳ ಜಾಹೀರಾತಿನಲ್ಲಿ "24 ಮಿ.ಮೀ." ಅಂತ ಬರುತ್ತದಲ್ಲ, ಅದು ಮೊದಲೇ ಗುಣಿಸಿಟ್ಟ ಸಂಖ್ಯೆ.

ನಿಂತ ಜಾಗ ಬದಲಿಸದೆ ಸೆನ್ಸರ್ ಬದಲಿಸಿದರೆ ಮುಖದ ಆಕಾರ ಬದಲಾಗುತ್ತಾ?

ಇಲ್ಲ. ಮೂಗು ದಪ್ಪ ಕಾಣುವುದು, ಹಿಂದಿನ ಬೆಟ್ಟ ಹತ್ತಿರ ಬಂದಂತೆ ಕಾಣುವುದು, ಇದೆಲ್ಲ ನೀವು ಎಷ್ಟು ದೂರ ನಿಂತಿದ್ದೀರಿ ಅನ್ನುವುದರ ಮೇಲೆ ಮಾತ್ರ.

ಫುಲ್ ಫ್ರೇಮ್ ಲೆನ್ಸನ್ನು ಎಪಿಎಸ್-ಸಿ ಕ್ಯಾಮೆರಾಗೆ ಹಾಕಬಹುದಾ?

ಮೌಂಟ್, ಅಂದರೆ ಲೆನ್ಸ್ ಕೂರುವ ಕ್ಯಾಮೆರಾದ ಬಾಯಿ, ಒಂದೇ ಆಗಿದ್ದರೆ ಧಾರಾಳವಾಗಿ ಹಾಕಿ. ವೃತ್ತ ದೊಡ್ಡದು, ಸೆನ್ಸರ್ ಚಿಕ್ಕದು, ಮೂಲೆ ಕಪ್ಪಾಗುವ ಮಾತೇ ಇಲ್ಲ. ಇನ್ನೊಂದು ಲಾಭವೂ ಇದೆ. ಸಾಮಾನ್ಯವಾಗಿ ಲೆನ್ಸ್ ನಡುವೆ ಚೂಪು, ಅಂಚಿನಲ್ಲಿ ಮೆತ್ತಗೆ. ಚಿಕ್ಕ ಸೆನ್ಸರ್ ಆ ಮೆತ್ತನೆಯ ಅಂಚನ್ನು ಬಿಟ್ಟುಬಿಡುತ್ತದೆ. ನಷ್ಟ ಏನೆಂದರೆ, ಬಳಸದ ಬೆಳಕಿಗೂ ಸೇರಿಸಿ ತೂಕ ಹೊರಬೇಕು, ದುಡ್ಡು ಕೊಡಬೇಕು. ಅಗಲದ ನೋಟವೂ ಸಿಗುವುದಿಲ್ಲ. ಫುಲ್ ಫ್ರೇಮಿನ 24–70 ಲೆನ್ಸ್ ತುಂಬಾ ಒಳ್ಳೆಯದು, ಆದರೆ ಎಪಿಎಸ್-ಸಿ ಮೇಲೆ ಅದು 36ರಿಂದ ಶುರು. ಚಿಕ್ಕ ಕೋಣೆಯಲ್ಲಿ ಹತ್ತು ಜನರ ಗುಂಪು ತೆಗೆಯೋಕೆ ಹೋದರೆ ಬೆನ್ನು ಗೋಡೆಗೆ ಹತ್ತುತ್ತದೆ.

ಎಪಿಎಸ್-ಸಿ ಲೆನ್ಸನ್ನು ಫುಲ್ ಫ್ರೇಮಿಗೆ ಹಾಕಿದರೆ?

ಇಲ್ಲಿ ಹುಷಾರಾಗಿರಬೇಕು. ಎಪಿಎಸ್-ಸಿ ಲೆನ್ಸಿನ ವೃತ್ತ ಸುಮಾರು 28 ಮಿ.ಮೀ. ಇದ್ದರೆ ಸಾಕು, ಅದಕ್ಕಾಗಿಯೇ ಅದು ಚಿಕ್ಕದು, ಹಗುರ. ಫುಲ್ ಫ್ರೇಮಿಗೆ 43.3 ಮಿ.ಮೀ. ಬೇಕು. ವೃತ್ತ ಸಾಲದೆ ನಾಲ್ಕೂ ಮೂಲೆ ಕಪ್ಪಾಗುತ್ತವೆ. ಕೊಳವೆಯೊಳಗಿಂದ ಇಣುಕಿ ನೋಡಿದ ಹಾಗೆ.

ಏನಾಗುತ್ತದೆ ಅನ್ನುವುದು ಕಂಪನಿಗೆ ತಕ್ಕಂತೆ ಬೇರೆ. ನಿಕಾನ್ ಮತ್ತು ಸೋನಿ ಫುಲ್ ಫ್ರೇಮ್ ಕ್ಯಾಮೆರಾಗಳು ಲೆನ್ಸನ್ನು ಗುರುತಿಸಿ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತವೆ. ಕ್ಯಾನನ್‌ನ ಆರ್‌ಎಫ್ ಮೌಂಟಿನ ಮಿರರ್‌ಲೆಸ್ (ಕನ್ನಡಿಯಿಲ್ಲದ) ಬಾಡಿಗಳೂ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾಗಳೂ, ಹಾಗೆಯೇ. ಆದರೆ ಕ್ಯಾನನ್‌ನ ಹಳೆಯ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗಳಿಗೆ, ಅಂದರೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾಗಳಿಗೆ, ಎಪಿಎಸ್-ಸಿಗೆ ಮಾಡಿದ ಇಎಫ್-ಎಸ್ ಲೆನ್ಸ್ ಕೂರುವುದೇ ಇಲ್ಲ. 2003ರಲ್ಲಿ ಬಂದ ಈ ಲೆನ್ಸ್‌ಗಳ ಹಿಂದಿನ ಭಾಗ ಕ್ಯಾಮೆರಾದೊಳಗೆ ಹೆಚ್ಚು ಚಾಚಿಕೊಳ್ಳುತ್ತದೆ. ಫುಲ್ ಫ್ರೇಮಿನ ದೊಡ್ಡ ಕನ್ನಡಿ ಮೇಲೇಳುವಾಗ ಅದಕ್ಕೆ ಬಡಿಯಬಹುದು. ಅದಕ್ಕೇ ಕೂರದಂತೆ ತಡೆ ಇಟ್ಟಿದ್ದಾರೆ. ಬಲವಂತ ಮಾಡಬೇಡಿ. ಬುಡದಲ್ಲಿ ಬಿಳಿ ಚೌಕದ ಗುರುತು ಇದ್ದರೆ ಇಎಫ್-ಎಸ್, ಕೆಂಪು ಚುಕ್ಕೆ ಇದ್ದರೆ ಇಎಫ್. ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳು ಕ್ಯಾನನ್‌ಗೆ ಮಾಡಿದ ಎಪಿಎಸ್-ಸಿ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಈ ತಡೆ ಇರುವುದಿಲ್ಲ. ಕೂರುತ್ತವೆ, ಮೂಲೆ ಕಪ್ಪಾಗುತ್ತದೆ.

ಕ್ಯಾಮೆರಾ ತಾನೇ ಕತ್ತರಿಸಿದಾಗ ಮೆಗಾಪಿಕ್ಸೆಲ್ ಎಷ್ಟು ಇಳಿಯುತ್ತದೆ ಅನ್ನುವುದನ್ನು ಮರೆಯಬೇಡಿ. 1.5ನ್ನು 1.5ರಿಂದ ಗುಣಿಸಿದರೆ 2.25. ಒಟ್ಟು ಮೆಗಾಪಿಕ್ಸೆಲನ್ನು ಅದರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ, ನಿಜದ್ದು ಇನ್ನೂ ಕೊಂಚ ಕಡಿಮೆ ಇರಬಹುದು. ನಿಕಾನ್ ಡಿ850ರ 45.7 ಮೆಗಾಪಿಕ್ಸೆಲ್ 19.4ಕ್ಕೆ ಇಳಿಯುತ್ತದೆ. ಅಷ್ಟಿದ್ದರೆ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆದರೆ ಹತ್ತರ ಆಸುಪಾಸಿಗೆ ಬರುತ್ತದೆ. ನನಗೆ ಇದರ ಬಿಸಿ ಮುಟ್ಟಿದೆ. ಒಮ್ಮೆ ಗೆಳೆಯರೊಬ್ಬರ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಬಾಡಿಗೆ ನನ್ನ ಎಪಿಎಸ್-ಸಿ ಲೆನ್ಸ್ ಹಾಕಿ ಇಡೀ ದಿನ ಚಿತ್ರ ತೆಗೆದೆ. ಮೂಲೆಗಳು ಕಪ್ಪಾಗಿರಲಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡೆ. ದೊಡ್ಡ ಪ್ರಿಂಟ್ ಹಾಕಿಸಲು ಹೋದಾಗಲೇ ಫೈಲುಗಳು 10 ಮೆಗಾಪಿಕ್ಸೆಲ್ ಅಂತ ಗೊತ್ತಾದದ್ದು. ಆ ದಿನ ಮತ್ತೆ ಬರುವುದಿಲ್ಲ. ಆಗಿನಿಂದ ಹೊಸ ಬಾಡಿ ಹಿಡಿದರೆ ಮೊದಲು ಕ್ರಾಪ್ ಸೆಟ್ಟಿಂಗ್ ಎಲ್ಲಿದೆ ಅಂತ ಹುಡುಕುತ್ತೇನೆ.

ಲೆನ್ಸ್ ನೋಡಿ ಅದು ಯಾವ ಸೆನ್ಸರಿನದು ಅಂತ ಹೇಗೆ ತಿಳಿಯುವುದು?

ಹೆಸರಿನಲ್ಲಿರುವ ಅಕ್ಷರ ನೋಡಿ. ನಿಕಾನ್‌ನಲ್ಲಿ ಡಿಎಕ್ಸ್ ಅಂದರೆ ಎಪಿಎಸ್-ಸಿ, ಡಿಎಕ್ಸ್ ಇಲ್ಲದಿದ್ದರೆ ಫುಲ್ ಫ್ರೇಮ್. ಕ್ಯಾನನ್‌ನಲ್ಲಿ ಇಎಫ್-ಎಸ್ ಮತ್ತು ಆರ್‌ಎಫ್-ಎಸ್ ಎಪಿಎಸ್-ಸಿಗೆ, ಇಎಫ್ ಮತ್ತು ಆರ್‌ಎಫ್ ಫುಲ್ ಫ್ರೇಮಿಗೆ. ಸೋನಿಯಲ್ಲಿ ಬರೀ ಇ ಅಂದರೆ ಎಪಿಎಸ್-ಸಿ, ಎಫ್‌ಇ ಅಂದರೆ ಫುಲ್ ಫ್ರೇಮ್. ಸಿಗ್ಮಾದಲ್ಲಿ ಡಿಸಿ ಚಿಕ್ಕ ಸೆನ್ಸರಿಗೆ, ಡಿಜಿ ಫುಲ್ ಫ್ರೇಮಿಗೆ. ಟ್ಯಾಮ್ರಾನ್‌ನ ಡಿಎಸ್‌ಎಲ್‌ಆರ್ ಲೆನ್ಸ್‌ಗಳಲ್ಲಿ ಡಿಐ ಫುಲ್ ಫ್ರೇಮ್, ಡಿಐ ಮುಂದೆ ಎರಡು ಗೀಟು ಇದ್ದರೆ ಎಪಿಎಸ್-ಸಿ. ಮೂರು ಗೀಟು ಇದ್ದರೆ ಮಿರರ್‌ಲೆಸ್ ಲೆನ್ಸ್. ಮೈಕ್ರೋ ಫೋರ್ ಥರ್ಡ್ಸ್ ಮತ್ತು ಫ್ಯೂಜಿಫಿಲ್ಮ್ ಎಕ್ಸ್‌ನಲ್ಲಿ ಈ ತಲೆನೋವೇ ಇಲ್ಲ. ಆ ಮೌಂಟಿಗೆ ಇರುವುದು ಒಂದೇ ಅಳತೆಯ ಸೆನ್ಸರ್.

ಒಂದು ಕಂಪನಿಯ ಲೆನ್ಸನ್ನು ಇನ್ನೊಂದರ ಬಾಡಿಗೆ ಅಡಾಪ್ಟರ್ ಹಾಕಿ ಬಳಸಬಹುದಾ?

ಅಡಾಪ್ಟರ್ ಅಂದರೆ ಲೆನ್ಸಿಗೂ ಬಾಡಿಗೂ ನಡುವೆ ಕೂರುವ ಬಳೆ. ಕೆಲವು ಜೋಡಿ ಆಗುತ್ತವೆ, ಕೆಲವು ಎಂದೂ ಆಗುವುದಿಲ್ಲ. ತೀರ್ಮಾನ ಮಾಡುವುದು ಒಂದೇ ಅಂಕಿ: ಮೌಂಟಿನ ಲೋಹದ ಬಳೆಯಿಂದ ಸೆನ್ಸರಿಗೆ ಎಷ್ಟು ದೂರ ಅನ್ನುವುದು. ಮೇಲೆ ಕಿಟಕಿ ಹತ್ತಿರ ಕಾಗದವನ್ನು ನಾಲ್ಕೂವರೆ ಸೆಂಟಿಮೀಟರ್ ಹಿಂದೆ ಹಿಡಿಯಿರಿ ಅಂದೆನಲ್ಲ, ಅದು ಇದೇ ದೂರ.

ನಿಕಾನ್‌ನ ಡಿಎಸ್‌ಎಲ್‌ಆರ್ ಮೌಂಟ್ ಆದ ಎಫ್‌ನಲ್ಲಿ ಇದು 46.5 ಮಿ.ಮೀ. ಕ್ಯಾನನ್ ಇಎಫ್‌ನಲ್ಲಿ 44. ಹಳೆಯ ಎಂ42 ತಿರುಪಿನ ಲೆನ್ಸ್‌ಗಳಲ್ಲಿ 45.46. ಡಿಎಸ್‌ಎಲ್‌ಆರ್‌ಗಳಲ್ಲಿ ನಡುವೆ ಕನ್ನಡಿ ಆಡಬೇಕು, ಅದಕ್ಕೇ ಇಷ್ಟು ಜಾಗ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ, ದೂರ ತೀರಾ ಕಡಿಮೆ. ಕ್ಯಾನನ್ ಆರ್‌ಎಫ್ 20, ಮೈಕ್ರೋ ಫೋರ್ ಥರ್ಡ್ಸ್ 19.25, ಸೋನಿ ಇ 18, ಫ್ಯೂಜಿಫಿಲ್ಮ್ ಎಕ್ಸ್ 17.7, ನಿಕಾನ್ ಜಡ್ 16. ಲೈಕಾ, ಪ್ಯಾನಸೋನಿಕ್, ಸಿಗ್ಮಾ 2018ರಿಂದ ಹಂಚಿಕೊಂಡಿರುವ ಎಲ್ ಮೌಂಟ್ 20.

ಈಗ ಲೆಕ್ಕ ಸುಲಭ. ಕ್ಯಾನನ್ ಇಎಫ್ ಲೆನ್ಸಿಗೆ ಹಿಂದೆ 44 ಬೇಕು. ಆರ್‌ಎಫ್ ಬಾಡಿ ಕೊಡುವುದು 20. ಉಳಿದ 24 ಮಿ.ಮೀ. ದಪ್ಪದ ಟೊಳ್ಳು ಬಳೆ ಇಟ್ಟರೆ ಮುಗಿಯಿತು. ಒಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣಮಟ್ಟ ಕೆಡುವುದಿಲ್ಲ. ಅದೇ ತಿರುಗಿಸಿ ನೋಡಿ: ಆರ್‌ಎಫ್ ಲೆನ್ಸನ್ನು ಇಎಫ್ ಬಾಡಿಗೆ ಹಾಕಬೇಕಾದರೆ ಲೆನ್ಸ್ ಬಾಡಿಯೊಳಗೆ 24 ಮಿ.ಮೀ. ಇಳಿಯಬೇಕು. ಸಾಧ್ಯವಿಲ್ಲ. ದೂರ ಜಾಸ್ತಿ ಇರುವ ಲೆನ್ಸ್, ದೂರ ಕಡಿಮೆ ಇರುವ ಬಾಡಿಗೆ ಆಗುತ್ತದೆ. ಉಲ್ಟಾ ಆಗುವುದಿಲ್ಲ.

ಅಂತರ ತೀರಾ ಕಡಿಮೆ ಇರುವ ಜೋಡಿಗಳು ಸ್ವಾರಸ್ಯವಾಗಿವೆ. ನಿಕಾನ್ ಎಫ್ ಲೆನ್ಸನ್ನು ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕಲು 2.5 ಮಿ.ಮೀ. ಜಾಗ ಇದೆ, ತೆಳ್ಳನೆ ಬಳೆ ಸಾಕು. ಎಂ42 ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಲು ಹೋದರೆ ಜಾಗ ಉಳಿಯುವುದಿರಲಿ, 1 ಮಿ.ಮೀ.ನಷ್ಟು ಕೊರತೆಯೇ ಬೀಳುತ್ತದೆ. ಗಾಜಿಲ್ಲದ ಬಳೆ ಹಾಕಿದರೆ ಹತ್ತಿರದ ಹೂವು ಫೋಕಸ್ ಆಗುತ್ತದೆ, ದೂರದ ಬೆಟ್ಟ ಎಷ್ಟು ತಿರುಗಿಸಿದರೂ ಆಗುವುದಿಲ್ಲ. ಮನೆಯಲ್ಲಿ ಹಳೇ ಎಂ42 ಲೆನ್ಸ್ ಇದ್ದರೆ ಅದನ್ನು ಮಿರರ್‌ಲೆಸ್ ಬಾಡಿಗೆ ಕೊಡಿ. ಅಲ್ಲಿ ಅದು ಖುಷಿಯಾಗಿ ಕೆಲಸ ಮಾಡುತ್ತದೆ.

ಅಡಾಪ್ಟರ್ ಕೂತಿತು. ಆಟೋಫೋಕಸ್ ಯಾಕೆ ಬರುತ್ತಿಲ್ಲ?

ಕೂರುವುದು ಬೇರೆ, ಮಾತಾಡುವುದು ಬೇರೆ. ಲೆನ್ಸ್ ಮತ್ತು ಬಾಡಿ ಪುಟ್ಟ ಲೋಹದ ಚುಕ್ಕೆಗಳ ಮೂಲಕ ಮಾತಾಡಿಕೊಳ್ಳುತ್ತವೆ. ಅಡಾಪ್ಟರಿನಲ್ಲಿ ಆ ಸಂಪರ್ಕ ಇಲ್ಲದಿದ್ದರೆ ಫೋಕಸ್ ಕೈಯಲ್ಲೇ. 1987ರಿಂದ ಬಂದ ಕ್ಯಾನನ್ ಇಎಫ್ ಲೆನ್ಸ್‌ಗಳಲ್ಲಿ ಅಪರ್ಚರ್ ಕೂಡ ವಿದ್ಯುತ್ತಿನಿಂದಲೇ ನಡೆಯುವುದು. ಸಂಪರ್ಕ ಇಲ್ಲದ ಅಗ್ಗದ ಬಳೆ ಹಾಕಿದರೆ ಅಪರ್ಚರ್ ಬದಲಿಸುವುದಕ್ಕೂ ಆಗುವುದಿಲ್ಲ.

ಒಂದೇ ಕಂಪನಿಯೊಳಗೂ ಈ ತೊಂದರೆ ಇದೆ. ನಿಕಾನ್‌ನ ಹಳೆಯ ಎಎಫ್ ಮತ್ತು ಎಎಫ್-ಡಿ ಲೆನ್ಸ್‌ಗಳ ಒಳಗೆ ಮೋಟಾರ್ ಇಲ್ಲ, ಬಾಡಿಯ ಮೋಟಾರ್ ಒಂದು ಸಣ್ಣ ತಿರುಪಿನ ಮೂಲಕ ಅವನ್ನು ತಿರುಗಿಸುತ್ತಿತ್ತು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಜಡ್ ಕ್ಯಾಮೆರಾಗಳಿಗೆ ನಿಕಾನ್ ಕೊಡುವ ಎಫ್‌ಟಿಜಡ್ ಅಡಾಪ್ಟರಿನಲ್ಲೂ ಇಲ್ಲ. ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇದ್ದರೆ ಮೋಟಾರ್ ಲೆನ್ಸಿನೊಳಗೇ ಇದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ದಯವಿಟ್ಟು ಈ ಅಕ್ಷರ ನೋಡಿಯೇ ದುಡ್ಡು ಕೊಡಿ. ಎಎಫ್-ಪಿ ಲೆನ್ಸ್‌ಗಳು ತೀರಾ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ, ಅದನ್ನೂ ವಿಚಾರಿಸಿ.

ಎಫ್ ಸಂಖ್ಯೆಯನ್ನೂ ಕ್ರಾಪ್ ಫ್ಯಾಕ್ಟರ್‌ನಿಂದ ಗುಣಿಸಬೇಕಾ?

ಎಫ್ ಸಂಖ್ಯೆ ಅಂದರೆ ಅಪರ್ಚರ್ ಎಷ್ಟು ತೆರೆದಿದೆ ಅನ್ನುವುದರ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಗುಣಿಸಬೇಕೋ ಬೇಡವೋ ಯಾವುದಕ್ಕೆ ಅನ್ನುವುದರ ಮೇಲೆ ಇದೆ. ಎಕ್ಸ್‌ಪೋಷರ್‌ಗೆ, ಅಂದರೆ ಚಿತ್ರದ ಪ್ರಕಾಶದ ಲೆಕ್ಕಕ್ಕೆ, ಬೇಡ. ಎಫ್/2.8 ಯಾವ ಸೆನ್ಸರ್ ಮೇಲೂ ಎಫ್/2.8. ಅದೇ ಶಟರ್ ಸ್ಪೀಡ್, ಅದೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಂಕಿ) ಇಟ್ಟರೆ ಅದೇ ಪ್ರಕಾಶದ ಚಿತ್ರ.

ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅಂತ ಹೋಲಿಸುವುದಾದರೆ ಗುಣಿಸಿ. ಮೈಕ್ರೋ ಫೋರ್ ಥರ್ಡ್ಸ್ ಮೇಲೆ 25 ಮಿ.ಮೀ. ಎಫ್/1.4 ಲೆನ್ಸ್ ಹಾಕಿ ಒಬ್ಬರ ಮುಖ ತೆಗೆಯಿರಿ. ಅಲ್ಲೇ ನಿಂತು ಫುಲ್ ಫ್ರೇಮ್ ಮೇಲೆ 50 ಮಿ.ಮೀ. ಲೆನ್ಸನ್ನು ಎಫ್/2.8ಕ್ಕೆ ಇಟ್ಟು ತೆಗೆದರೆ ಹಿನ್ನೆಲೆಯ ಮಸುಕು ಹೆಚ್ಚುಕಮ್ಮಿ ಒಂದೇ. ಇದರಿಂದ ಚಿಕ್ಕ ಸೆನ್ಸರ್ ಕೀಳು ಅಂತ ಯಾರೂ ತಿಳಿಯಬೇಕಿಲ್ಲ. ಹೂವಿನ ಎಲ್ಲ ಎಸಳೂ ಸ್ಪಷ್ಟವಾಗಿ ಬೇಕು, ಗುಂಪಿನಲ್ಲಿ ಹಿಂದಿನ ಸಾಲಿನವರೂ ಕಾಣಬೇಕು ಅಂದಾಗ ಅದೇ ಅನುಕೂಲ.

ದೊಡ್ಡ ಸೆನ್ಸರಿನಲ್ಲಿ ಕತ್ತಲಲ್ಲಿ ತೆಗೆದ ಚಿತ್ರ ಚೆನ್ನಾಗಿ ಬರುತ್ತದಂತೆ, ನಿಜವಾ?

ನಿಜ. ಒಂದೇ ಎಕ್ಸ್‌ಪೋಷರ್ ಕೊಟ್ಟಾಗ ದೊಡ್ಡ ಸೆನ್ಸರಿಗೆ ಒಟ್ಟು ಬೆಳಕು ಜಾಸ್ತಿ ಸಿಗುತ್ತದೆ. ಬೆಳಕು ಜಾಸ್ತಿಯಾದಷ್ಟೂ ಚಿತ್ರದಲ್ಲಿ ಮರಳು ಎರಚಿದಂತೆ ಕಾಣುವ ನಾಯ್ಸ್ ಕಡಿಮೆ. ಫುಲ್ ಫ್ರೇಮಿಗೆ ಮೈಕ್ರೋ ಫೋರ್ ಥರ್ಡ್ಸ್‌ಗಿಂತ ಸುಮಾರು ನಾಲ್ಕು ಪಟ್ಟು ಬೆಳಕು, ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಎಪಿಎಸ್-ಸಿಗಿಂತ ಒಂದು ಸ್ಟಾಪ್‌ಗೆ ಸ್ವಲ್ಪ ಮೇಲೆ. ಹಾಗಾಗಿ ಎಪಿಎಸ್-ಸಿಯಲ್ಲಿ ಐಎಸ್‌ಒ 1600ರ ಚಿತ್ರ, ಫುಲ್ ಫ್ರೇಮಿನಲ್ಲಿ ಸುಮಾರು 3600ರ ಚಿತ್ರದ ಹಾಗೆ ಕಾಣಬಹುದು. ಸೆನ್ಸರಿನ ತಲೆಮಾರು ಹೊಸದಾದರೆ ಲೆಕ್ಕ ಕೊಂಚ ಆಚೀಚೆ ಆಗುತ್ತದೆ.

ಆದರೆ ಒಂದು ಮಾತು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಎಫ್/5.6ರಲ್ಲಿ ತಿಣುಕಾಡುತ್ತಿದ್ದರೆ, ಬಾಡಿ ಬದಲಿಸುವ ಮುಂಚೆ ಎಫ್/1.8ರ ಒಂದು ಲೆನ್ಸ್ ಹಾಕಿ ನೋಡಿ. ಅದು ಕೊಡುವುದು ಮೂರು ಸ್ಟಾಪ್‌ಗಿಂತ ಜಾಸ್ತಿ. ಫುಲ್ ಫ್ರೇಮ್ ಕೊಡುವುದಕ್ಕಿಂತ ಎಷ್ಟೋ ಹೆಚ್ಚು.

ಹಕ್ಕಿ, ಹುಳು ತೆಗೆಯುವವರಿಗೆ ಚಿಕ್ಕ ಸೆನ್ಸರ್ ಒಳ್ಳೆಯದಾ?

ಬಹಳಷ್ಟು ಸಲ ಹೌದು. 300 ಮಿ.ಮೀ. ಲೆನ್ಸ್ ಮೈಕ್ರೋ ಫೋರ್ ಥರ್ಡ್ಸ್ ಮೇಲೆ ಫುಲ್ ಫ್ರೇಮಿನ 600ರಷ್ಟು ನೋಟ ಕೊಡುತ್ತದೆ. ಫುಲ್ ಫ್ರೇಮಿನ 600 ಮಿ.ಮೀ. ಲೆನ್ಸ್ ಹೊತ್ತು ಕಾಡಿನಲ್ಲಿ ನಡೆದವರಿಗೆ ಈ ವ್ಯತ್ಯಾಸ ಭುಜಕ್ಕೇ ಗೊತ್ತಾಗುತ್ತದೆ. ಇಲ್ಲಿ ನಿಜವಾಗಿ ಸಹಾಯಕ್ಕೆ ಬರುವುದು ಪಿಕ್ಸೆಲ್‌ಗಳ ಒತ್ತು. 20 ಮೆಗಾಪಿಕ್ಸೆಲನ್ನು ಚಿಕ್ಕ ಜಾಗದಲ್ಲಿ ತುಂಬಿದಾಗ ಹಕ್ಕಿಯ ಮೈಮೇಲೆ ಜಾಸ್ತಿ ಪಿಕ್ಸೆಲ್ ಬೀಳುತ್ತವೆ.

ಮ್ಯಾಕ್ರೋದಲ್ಲಿ, ಅಂದರೆ ಹುಳುವಿನಂಥ ಚಿಕ್ಕದನ್ನು ಹತ್ತಿರದಿಂದ ತೆಗೆಯುವಾಗ, ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1:1 ಅಂದರೆ ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವುದು. 12 ಮಿ.ಮೀ. ಉದ್ದದ ಜೇನುನೊಣ ಫುಲ್ ಫ್ರೇಮಿನ 36 ಮಿ.ಮೀ. ಅಗಲದಲ್ಲಿ ಮೂರನೇ ಒಂದು ಪಾಲು ತುಂಬುತ್ತದೆ. ಮೈಕ್ರೋ ಫೋರ್ ಥರ್ಡ್ಸ್‌ನ 17.3 ಮಿ.ಮೀ.ಯಲ್ಲಿ ಮೂರನೇ ಎರಡು ಪಾಲು. ಅದೇ ಜೇನು, ಅದೇ 1:1.

ಕೈ ನಡುಕಕ್ಕೂ ಕ್ರಾಪ್ ಲೆಕ್ಕ ಬರುತ್ತಾ?

ಬರುತ್ತದೆ. ಶಟರ್ ಸ್ಪೀಡ್, ಫೋಕಲ್ ಲೆಂಗ್ತ್ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಪಾಲಿಗಿಂತ ನಿಧಾನ ಬೇಡ ಅನ್ನುವ ಹಳೆಯ ನಿಯಮ ಫುಲ್ ಫ್ರೇಮಿನದು. 200 ಮಿ.ಮೀ. ಲೆನ್ಸಿಗೆ ಎಪಿಎಸ್-ಸಿಯಲ್ಲಿ 1/300 ಇಟ್ಟುಕೊಳ್ಳಿ. ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಇದಕ್ಕಿಂತ ನಿಧಾನವೂ ನಡೆಯುತ್ತದೆ.

ಸ್ಪೀಡ್ ಬೂಸ್ಟರ್ ಅಂತ ಒಂದು ಅಡಾಪ್ಟರ್ ಇದೆಯಲ್ಲ, ಅದೇನು?

ಒಳಗೆ ಗಾಜಿರುವ ಅಡಾಪ್ಟರ್. ಫುಲ್ ಫ್ರೇಮ್ ಲೆನ್ಸಿನ ದೊಡ್ಡ ವೃತ್ತವನ್ನು ಕುಗ್ಗಿಸಿ ಚಿಕ್ಕ ಸೆನ್ಸರಿಗೆ ಹೊಂದಿಸುತ್ತದೆ. ವೃತ್ತ ಕುಗ್ಗಿದಾಗ ಅದೇ ಬೆಳಕು ಕಡಿಮೆ ಜಾಗದಲ್ಲಿ ಒತ್ತಾಗುತ್ತದೆ. 0.71ರ ಅಡಾಪ್ಟರ್ ಹಾಕಿದರೆ 50 ಮಿ.ಮೀ. ಎಫ್/1.8 ಲೆನ್ಸ್ ಸುಮಾರು 35 ಮಿ.ಮೀ. ಎಫ್/1.3ರಂತೆ ನಡೆದುಕೊಳ್ಳುತ್ತದೆ. ಇಲ್ಲಿ ಫೋಕಲ್ ಲೆಂಗ್ತ್ ನಿಜವಾಗಿಯೇ ಬದಲಾಗಿದೆ, ಏಕೆಂದರೆ ಮಧ್ಯೆ ಗಾಜು ಬಂತು. ಎಪಿಎಸ್-ಸಿ ಲೆನ್ಸಿಗೆ ಇದು ಬೇಡ. ಅದರ ವೃತ್ತ ಮೊದಲೇ ಚಿಕ್ಕದು, ಕುಗ್ಗಿಸಿದರೆ ಎಪಿಎಸ್-ಸಿ ಸೆನ್ಸರನ್ನೂ ತುಂಬುವುದಿಲ್ಲ.

ವಿಡಿಯೋ ಮಾಡುವಾಗ ನೋಟ ಇನ್ನೂ ಕಿರಿದಾಗುತ್ತದೆ, ಯಾಕೆ?

ಕೆಲವು ಕ್ಯಾಮೆರಾಗಳು 4ಕೆ ವಿಡಿಯೋಗೆ ಸೆನ್ಸರಿನ ನಡುಭಾಗವನ್ನಷ್ಟೇ ಓದುತ್ತವೆ. 2018ರ ಕ್ಯಾನನ್ ಇಒಎಸ್ ಆರ್ ಫುಲ್ ಫ್ರೇಮ್ ಆಗಿದ್ದರೂ 4ಕೆಯಲ್ಲಿ ಸುಮಾರು 1.7 ಪಟ್ಟು ಕತ್ತರಿಸುತ್ತದೆ. 24 ಮಿ.ಮೀ. ಲೆನ್ಸ್ 41ರಂತೆ ಕಾಣುತ್ತದೆ. ಕೈಯಲ್ಲಿ ಹಿಡಿದು ತಮ್ಮನ್ನೇ ತೆಗೆದುಕೊಳ್ಳುವವರಿಗೆ ಮುಖ ಬಿಟ್ಟು ಬೇರೇನೂ ಕಾಣದು. ವಿಡಿಯೋಗಾಗಿ ಕ್ಯಾಮೆರಾ ಕೊಳ್ಳುವವರು ಈ ಒಂದು ಅಂಶವನ್ನು ಕೇಳಿಯೇ ಕೊಳ್ಳಿ.

ಮುಂದೊಂದು ದಿನ ಫುಲ್ ಫ್ರೇಮಿಗೆ ಹೋಗಬೇಕು ಅಂತಿದ್ದೇನೆ. ಈಗಲೇ ಫುಲ್ ಫ್ರೇಮ್ ಲೆನ್ಸ್ ಕೊಂಡಿಡಲಾ?

ದೂರದ್ದನ್ನು ಹತ್ತಿರ ತೋರಿಸುವ ಟೆಲಿ, ಮ್ಯಾಕ್ರೋ, 50 ಅಥವಾ 85ರಂಥ ಲೆನ್ಸ್ ಆದರೆ ಕೊಂಡಿಡಿ. ಇಂದೂ ಕೆಲಸಕ್ಕೆ ಬರುತ್ತವೆ, ನಾಳೆಯೂ ಬರುತ್ತವೆ. ಅಗಲದ ನೋಟದ ಲೆನ್ಸ್ ಮಾತ್ರ ಈಗಿರುವ ಸೆನ್ಸರಿಗೆ ತಕ್ಕಂತೆಯೇ ಕೊಳ್ಳಿ. ಎಪಿಎಸ್-ಸಿಗೆ 10–18 ಅಥವಾ 10–20ರಂಥ ಲೆನ್ಸ್ ಕೊಡುವ ನೋಟವನ್ನು ಫುಲ್ ಫ್ರೇಮಿನ 16–35 ಹಾಕಿ ಪಡೆಯೋಕಾಗಲ್ಲ. ಎಂದೋ ಬರುವ ಬಾಡಿಗಾಗಿ ಇವತ್ತಿನ ಚಿತ್ರಗಳನ್ನು ಸುಮ್ನೆ ಬಿಟ್ಟುಕೊಡಬೇಡಿ. ಮೌಂಟನ್ನೂ ನೋಡಿ: ಕ್ಯಾನನ್ ಇಎಫ್, ನಿಕಾನ್ ಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಮಿರರ್‌ಲೆಸ್‌ಗೆ ಬರುತ್ತವೆ, ಮಿರರ್‌ಲೆಸ್ ಲೆನ್ಸ್‌ಗಳು ಹಿಂದಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಇನ್ನೂ ಡಿಎಸ್‌ಎಲ್‌ಆರ್ ಬಾಡಿ ಬಳಸುವವರಿದ್ದರೆ, ಇಬ್ಬರೂ ಹಂಚಿಕೊಳ್ಳಬಹುದಾದದ್ದು ಹಳೆಯ ಮೌಂಟಿನ ಲೆನ್ಸ್ ಮಾತ್ರ.